‘ನಾನು’ ಅಂದರೆ ಇಂಗ್, ‘ನನಗೆ’ ಅಂದರೆ ಇಲ್ಲ: ಪ್ರೆಸೆಂಟ್ ಕಂಟಿನ್ಯುಯಸ್ ನಾನು ಕಲಿತ ಬಗೆ

ಇಂಗ್ಲಿಷಿನ ಕಾಲಗಳಲ್ಲಿ ಕನ್ನಡದವರಿಗೆ ಬೇಗ ಒಲಿಯುವುದು ಪ್ರೆಸೆಂಟ್ ಕಂಟಿನ್ಯುಯಸ್, ಅಂದರೆ ನಡೆಯುತ್ತಿರುವುದನ್ನು ಹೇಳುವ ಕಾಲ. ಬೇಡದ ಕಡೆ ಜಾಸ್ತಿ ನುಗ್ಗುವುದೂ ಅದೇ. ನಾನು ಕೆಲಸಕ್ಕೆ ಸೇರಿದ ಮೇಲೆ ಸ್ವಂತವಾಗಿ ಇಂಗ್ಲಿಷ್ ಕಲಿತವಳು. ಈಗ ಬೇರೆಯವರಿಗೂ ಹೇಳಿಕೊಡುತ್ತೇನೆ. ಈ ಕಾಲವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ನನಗೆ ತೋರಿಸಿಕೊಟ್ಟದ್ದು ಕನ್ನಡವೇ.

ಮೊದಲು ಅದರ ಕಟ್ಟು. ‘ಓದುತ್ತಿದ್ದೇನೆ’ ಅನ್ನುವುದನ್ನು ಬಿಡಿಸಿದೆ. ‘ಓದುತ್ತ’, ‘ಇದ್ದೇನೆ’. ಮಾತಿನಲ್ಲಂತೂ ‘ಓದ್ತಾ ಇದ್ದೀನಿ’ ಅಂತ ಬಿಡಿಯಾಗಿಯೇ ಹೇಳುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲೂ ಇವೇ ಎರಡು ತುಂಡು, ಜಾಗ ಮಾತ್ರ ಅದಲುಬದಲು. ಐ ಆಮ್ ರೀಡಿಂಗ್. ‘ಆಮ್’ ನಮ್ಮ ‘ಇದ್ದೇನೆ’, ‘ರೀಡಿಂಗ್’ ನಮ್ಮ ‘ಓದುತ್ತ’. ನಾನು, ಅವನು, ಅವರು ಅಂತ ಬದಲಾದರೆ ನಮ್ಮಲ್ಲಿ ಇದ್ದೇನೆ, ಇದ್ದಾನೆ, ಇದ್ದಾರೆ ಆಗುತ್ತದೆ. ‘ಓದುತ್ತ’ ಹಾಗೇ ಉಳಿಯುತ್ತದೆ. ಅಲ್ಲೂ ಅಷ್ಟೇ. ಐ ಜೊತೆ ಆಮ್. ಹೀ, ಶೀ, ಇಟ್ ಜೊತೆ ಈಸ್. ವೀ, ಯೂ, ದೇ ಜೊತೆ ಆರ್. ರೀಡಿಂಗ್ ಬದಲಾಗುವುದಿಲ್ಲ. ಇದು ಹೊಳೆದರೆ ‘ಐ ರೀಡಿಂಗ್’ ಅಂತ ಹೇಳಲು ನಾಲಿಗೆಯೇ ಏಳುವುದಿಲ್ಲ. ‘ನಾನು ಓದುತ್ತ’ ಅಂತ ಹೇಳಿ ಅರ್ಧಕ್ಕೆ ನಿಲ್ಲಿಸಿದ ಹಾಗೆ ಕೇಳಿಸುತ್ತದೆ.

ಇಲ್ಲ ಅನ್ನಲು ನಡುವೆ ಒಂದು ‘ನಾಟ್’ ಸಾಕು: ಶೀ ಈಸ್ ನಾಟ್ ಸ್ಲೀಪಿಂಗ್. ಪ್ರಶ್ನೆಗೆ ಮಾತ್ರ ನಿಜವಾದ ಅಭ್ಯಾಸ ಬೇಕು. ನಾವು ಕೊನೆಯಲ್ಲಿ ‘ಆ’ ಸೇರಿಸಿ ‘ಓದುತ್ತಿದ್ದೀಯಾ’ ಅನ್ನುತ್ತೇವೆ. ಅವರು ಆರ್ ಅನ್ನು ಯೂಗಿಂತ ಮುಂದೆ ತರುತ್ತಾರೆ: ಆರ್ ಯೂ ರೀಡಿಂಗ್? ವಾಟ್ ಬಂದರೂ ಅದೇ ಸಾಲು: ವಾಟ್ ಆರ್ ಯೂ ರೀಡಿಂಗ್? ಒಂಟಿಯಾಗಿದ್ದಾಗ ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಐ ಆಮ್ ಓಪನಿಂಗ್ ದ ಡೋರ್. ಐ ಆಮ್ ಫೋಲ್ಡಿಂಗ್ ದ ಕ್ಲೋತ್ಸ್. ಹೇಳಿದ ತಕ್ಷಣ ಅದನ್ನೇ ಪ್ರಶ್ನೆ ಮಾಡುವುದು. ಸುಮ್ನೆ ಪುಸ್ತಕದ ಪಟ್ಟಿ ಓದುವುದಕ್ಕಿಂತ ಇದು ಎಷ್ಟೋ ಮೇಲು. ಕೆಲಸ ಕಣ್ಣ ಮುಂದೆಯೇ ನಡೆಯುತ್ತಿರುತ್ತದೆ, ಅದಕ್ಕೆ ಮಾತು ತಾನಾಗಿ ಅಂಟಿಕೊಳ್ಳುತ್ತದೆ.

ಕೊನೆಗೆ ಇಂಗ್ (ing) ಹಚ್ಚುವಾಗಿನ ಸ್ಪೆಲ್ಲಿಂಗ್ ವಿಷಯ ಚಿಕ್ಕದು. ಮೇಕ್ ಕೊನೆಯ ‘ಇ’ ಬಿದ್ದುಹೋಗುತ್ತದೆ. ರನ್, ಸಿಟ್ ತರಹದವುಗಳಲ್ಲಿ ಕೊನೆಯ ಅಕ್ಷರ ಎರಡಾಗುತ್ತದೆ. ಓಪನ್‌ನಲ್ಲಿ ಒತ್ತು ಮೊದಲ ಭಾಗಕ್ಕೆ ಬೀಳುವುದರಿಂದ ‘ಎನ್’ ಒಂದೇ. ಬಿಗಿನ್‌ನಲ್ಲಿ ಒತ್ತು ಕೊನೆಗೆ, ಹಾಗಾಗಿ ಎರಡು. ಲೈ, ಡೈ ಬರೆಯುವಾಗ ‘ಐ ಇ’ ಹೋಗಿ ‘ವೈ’ ಬರುತ್ತದೆ. ಟ್ರಾವೆಲಿಂಗ್‌ಗೆ ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ, ಅಮೆರಿಕದವರು ಒಂದು.

ಬಳಕೆಯೂ ಬಹುಪಾಲು ನಮ್ಮ ಹಾಗೇ. ಈ ಕ್ಷಣ ನಡೆಯುತ್ತಿರುವುದಕ್ಕೆ ಇದು. ಈಚಿನ ದಿನಗಳಲ್ಲಿ ನಡೆಯುತ್ತಿರುವುದಕ್ಕೂ ಇದೇ. ಕಾದಂಬರಿ ಮೇಜಿನ ಮೇಲಿದ್ದರೂ ‘ಐ ಆಮ್ ರೀಡಿಂಗ್ ಎ ನಾವೆಲ್’ ಅನ್ನಬಹುದು. ಮೊದಲೇ ಗೊತ್ತುಮಾಡಿಕೊಂಡ ನಾಳೆಯ ಕೆಲಸಕ್ಕೂ ಸರಿ: ಐ ಆಮ್ ಮೀಟಿಂಗ್ ಹರ್ ಟುಮಾರೋ. ಆದರೆ ಕೆಲಸದ ವಿಷಯದಲ್ಲಿ ನಿಂತು ಯೋಚಿಸಬೇಕು. ‘ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ’ ಅಂತ ನಾವು ಕಾಯಂ ನೌಕರಿಗೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಐ ವರ್ಕ್ ಇನ್ ಎ ಬ್ಯಾಂಕ್’. ‘ಐ ಆಮ್ ವರ್ಕಿಂಗ್’ ಅಂದರೆ ಸದ್ಯಕ್ಕೆ ಅಲ್ಲಿದ್ದೇನೆ ಅನ್ನುವ ಭಾವ ಬರುತ್ತದೆ.

ಇನ್ನು ನಾನು ಜಾಸ್ತಿ ಹೊತ್ತು ಕೂತು ಯೋಚಿಸಿದ ಭಾಗ. ನೋ (know), ವಾಂಟ್, ಲೈಕ್, ನೀಡ್, ರಿಮೆಂಬರ್, ಅಂಡರ್‌ಸ್ಟ್ಯಾಂಡ್ ಇವುಗಳಿಗೆ ಸಾಮಾನ್ಯವಾಗಿ ಇಂಗ್ ಹಚ್ಚುವುದಿಲ್ಲ. ವ್ಯಾಕರಣ ಪುಸ್ತಕಗಳು ಇವನ್ನು ಸ್ಟೇಟಿವ್ ವರ್ಬ್ (ಸ್ಥಿತಿ ಹೇಳುವ ಕ್ರಿಯಾಪದ) ಅಂತ ಕರೆದು ಉದ್ದ ಪಟ್ಟಿ ಕೊಡುತ್ತವೆ. ಬಾಯಿಪಾಠ ಮಾಡುವ ಮೊದಲು ಪ್ರತಿಯೊಂದರ ಪಕ್ಕ ಕನ್ನಡ ಬರೆದು ನೋಡಿದೆ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಅಗತ್ಯ. ನನಗೆ ನೆನಪಿದೆ. ನನಗೆ ಅರ್ಥವಾಗುತ್ತದೆ. ಎಲ್ಲವೂ ‘ನನಗೆ’! ನಾವು ಬೇಕೆಂದು ಶುರುಮಾಡಿ ಬೇಕೆಂದಾಗ ನಿಲ್ಲಿಸುವ ಕೆಲಸಗಳಿಗೆ ಕನ್ನಡ ‘ನಾನು’ ಅನ್ನುತ್ತದೆ. ನಮ್ಮೊಳಗೆ ಸುಮ್ಮನೆ ಇರುವುದಕ್ಕೆ, ತಾನಾಗಿ ಆಗುವುದಕ್ಕೆ ‘ನನಗೆ’ ಅನ್ನುತ್ತದೆ. ಇಂಗ್ಲಿಷ್ ಇಂಗ್ ಹಚ್ಚಿ, ಹಚ್ಚದೆ ಮಾಡುವ ವ್ಯತ್ಯಾಸವನ್ನು ನಾವು ವಿಭಕ್ತಿಯಲ್ಲೇ ಮಾಡಿಬಿಟ್ಟಿದ್ದೇವೆ.

ಒಂದೇ ಕ್ರಿಯಾಪದ ಎರಡೂ ಕಡೆ ಬರುವಾಗ ಈ ಗುರುತು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಅಂದರೆ ಐ ಹ್ಯಾವ್ ಟೂ ಬ್ರದರ್ಸ್. ‘ಐ ಆಮ್ ಹ್ಯಾವಿಂಗ್’ ಇಲ್ಲಿ ಸಲ್ಲುವುದಿಲ್ಲ. ‘ನಾನು ಊಟ ಮಾಡುತ್ತಿದ್ದೇನೆ’ ಅಂದರೆ ಐ ಆಮ್ ಹ್ಯಾವಿಂಗ್ ಲಂಚ್, ಪೂರಾ ಸರಿ. ‘ಇದು ಸರಿ ಅಂತ ನನಗೆ ಅನ್ನಿಸುತ್ತದೆ’ ಅಂದರೆ ಐ ಥಿಂಕ್. ‘ನಾನು ಯೋಚನೆ ಮಾಡುತ್ತಿದ್ದೇನೆ’ ಅಂದರೆ ಐ ಆಮ್ ಥಿಂಕಿಂಗ್. ‘ನನಗೆ ಕೇಳಿಸುತ್ತಿದೆ’ ಅನ್ನುವುದು ಕನ್ನಡದಲ್ಲಿ ನಡೆಯುತ್ತಿರುವ ಕ್ರಿಯೆಯ ಹಾಗೇ ಕಾಣುತ್ತದೆ. ಆದರೂ ‘ನನಗೆ’ ಇದೆಯಲ್ಲ, ಹಾಗಾಗಿ ಐ ಕ್ಯಾನ್ ಹಿಯರ್ ಯೂ. ‘ನಾನು ಕೇಳಿಸಿಕೊಳ್ಳುತ್ತಿದ್ದೇನೆ’ ಅಂದರೆ ಐ ಆಮ್ ಲಿಸನಿಂಗ್.

ಇದು ಎಲ್ಲ ಕಡೆ ನಡೆಯುವ ನಿಯಮವಲ್ಲ. ಬಿಲೀವ್‌ಗೆ ನಾವು ‘ನಾನು ನಂಬುತ್ತೇನೆ’ ಅನ್ನುತ್ತೇವೆ, ಆದರೂ ಅದಕ್ಕೆ ಇಂಗ್ ಹೊಂದುವುದಿಲ್ಲ. ‘ನನಗೆ ಚಳಿಯಾಗುತ್ತಿದೆ’ ಅನ್ನಲು ಐ ಫೀಲ್ ಕೋಲ್ಡ್, ಐ ಆಮ್ ಫೀಲಿಂಗ್ ಕೋಲ್ಡ್ ಎರಡೂ ಸರಿ. ಇಂಥವನ್ನು ಬೇರೆಯಾಗಿ ನೆನಪಿಟ್ಟುಕೊಂಡೆ. ಆದರೂ ಆ ಉದ್ದ ಪಟ್ಟಿಯ ಬಹುಭಾಗವನ್ನು ಉರು ಹೊಡೆಯುವ ಕಷ್ಟ ತಪ್ಪಿತು.

ಎರಡನೆಯ ಗುರುತು ‘ಇಂದ’. ‘5 ವರ್ಷದಿಂದ ಇಲ್ಲಿ ವಾಸ ಮಾಡುತ್ತಿದ್ದೇನೆ’ ಅನ್ನುವ ವಾಕ್ಯ ಕನ್ನಡದಲ್ಲಿ ಸಲೀಸು. ಇಂಗ್ಲಿಷಿನಲ್ಲಿ ‘ಇಂದ’ ಬಂದ ಕೂಡಲೇ ‘ಆಮ್’ ಹೋಗಿ ‘ಹ್ಯಾವ್ ಬೀನ್’ ಬರಬೇಕು: ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಫೈವ್ ಇಯರ್ಸ್. ಎಷ್ಟು ಕಾಲ ಅನ್ನುವುದಕ್ಕೆ ಫಾರ್, ಯಾವಾಗಿನಿಂದ ಅನ್ನುವುದಕ್ಕೆ ಸಿನ್ಸ್. ನಮಗೆ ಎರಡಕ್ಕೂ ‘ಇಂದ’ವೇ ಸಾಕಾಗುವುದರಿಂದ ಇಲ್ಲಿ ಎಚ್ಚರ ಬೇಕು. 2019ರಿಂದ ಅಂದರೆ ಸಿನ್ಸ್ 2019.

ಎರಡು ಗುರುತೂ ಒಂದೇ ವಾಕ್ಯದಲ್ಲಿ ಬರುವುದುಂಟು. ‘ನನಗೆ ಅವರು 5 ವರ್ಷದಿಂದ ಗೊತ್ತು.’ ‘ಇಂದ’ ಇದೆ, ಹಾಗಾಗಿ ಹ್ಯಾವ್ ಬೇಕು. ‘ನನಗೆ’ ಇದೆ, ಹಾಗಾಗಿ ಇಂಗ್ ಬೇಡ. ಐ ಹ್ಯಾವ್ ನೋನ್ ದೆಮ್ ಫಾರ್ ಫೈವ್ ಇಯರ್ಸ್.