ಯು ಇಲ್ಲದ ಕ್ಯೂ ಹುಡುಕಿದ್ದು

ಆಟ ಮುಗಿದಾಗ ನನ್ನ ಹತ್ತಿರ ಉಳಿದಿದ್ದು ಒಂದೇ ಬಿಲ್ಲೆ, ‘ಕ್ಯೂ’. ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡ್ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರಾಬಲ್‌ ಆಟದಲ್ಲಿ ಅದಕ್ಕೆ 10 ಅಂಕ. ಬಳಸದೆ ಉಳಿಸಿಕೊಂಡರೆ ಆ 10 ನಮ್ಮ ಲೆಕ್ಕದಿಂದ ಹೋಗುತ್ತದೆ, ಬಿಲ್ಲೆ ಖಾಲಿ ಮಾಡಿದವರ ಲೆಕ್ಕಕ್ಕೆ ಸೇರುತ್ತದೆ. ‘ಕ್ಯೂ’ ಆದಮೇಲೆ ‘ಯು’ ಬೇಕಲ್ಲ, ಅದು ಬರಲಿ ಅಂತ ಅರ್ಧ ಆಟ ಕಾದಿದ್ದೆ. ನೂರು ಬಿಲ್ಲೆಯಲ್ಲಿ ‘ಯು’ ಇರುವುದೇ ನಾಲ್ಕು.

“ಮಾವ, ಯು ಬೇಕೇ ಬೇಕು ಅಂತ ಯಾರು ಹೇಳಿದ್ರು? ಕ್ಯೂ-ಐ ಅಂತ ಇಟ್ಟಿದ್ರೆ ಆಗ್ತಿತ್ತಲ್ಲ” ಅಂದಳು ಅಕ್ಕನ ಮಗಳು. ಅದನ್ನು ‘ಚೀ’ ಅಂತ ಓದಬೇಕು. ಚೀನಾದವರು ಹೇಳುವ ಪ್ರಾಣಶಕ್ತಿ. ನಾವು ಆಡುವುದು ಕಾಲಿನ್ಸ್ ಪಟ್ಟಿ, ಅಂದರೆ ಆಟದಲ್ಲಿ ಒಪ್ಪುವ ಪದಗಳ ಪಟ್ಟಿ ಇಟ್ಟುಕೊಂಡು. ತೆಗೆದು ನೋಡಿದೆ, ಇತ್ತು.

ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ಶುರು ಮಾಡಿದೆ.

ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಕಿವಿಗೆ ಕೇಳಿದ್ದನ್ನೇ ಬರೆಯುವ ಅಭ್ಯಾಸ. ಪದ ಹುಡುಕುವಾಗಲೂ ಮನಸ್ಸಿನಲ್ಲೇ ಉಚ್ಚರಿಸಿ ನೋಡುತ್ತಿದ್ದೆ. ಇಂಗ್ಲಿಷಿನಲ್ಲಿ ಅದು ನಡೆಯುವುದಿಲ್ಲ. ‘ರಿದಮ್’ ಅನ್ನುವಾಗ ಇಕಾರ, ಅಕಾರ ಎರಡೂ ಕೇಳಿಸುತ್ತವೆ. ಬರೆಯುವುದು ಆರ್-ಎಚ್-ವೈ-ಟಿ-ಎಚ್-ಎಂ. ಎ, ಇ, ಐ, ಒ, ಯು ಒಂದೂ ಇಲ್ಲ! ಹಾಗಾಗಿ ಮೊದಲ ಪುಟದಲ್ಲಿ ಇಂಥವನ್ನೇ ಬರೆದುಕೊಂಡೆ: ಹಿಮ್, ಲಿಂಕ್ಸ್, ಕ್ರಿಪ್ಟ್, ಮಿತ್. ಎಲ್ಲದರಲ್ಲೂ ‘ವೈ’ ಸ್ವರದ ಕೆಲಸ ಮಾಡುತ್ತದೆ. ಸ್ವರ ಇಲ್ಲದ ಕೈ ಬಂದರೆ ನಾನು ಈಗ ಮೊದಲು ನೋಡುವುದು ‘ವೈ’ ಇದೆಯಾ ಅಂತ.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಜೋಡಿಸಿಕೊಳ್ಳುವ ಅಭ್ಯಾಸ. ‘ಲಿಸನ್’ ಪದದ ಅಕ್ಷರಗಳನ್ನು ಹಾಗೆ ಇಟ್ಟರೆ ಇ-ಐ-ಎಲ್-ಎನ್-ಎಸ್-ಟಿ. ‘ಸೈಲೆಂಟ್’ ಪದಕ್ಕೂ ಅದೇ ಸಾಲು. ಎನ್‌ಲಿಸ್ಟ್, ಟಿನ್ಸೆಲ್, ಇನ್ಲೆಟ್ಸ್, ಇವಕ್ಕೂ ಅದೇ. ನೋಟ್‌ಬುಕ್ಕಿನ ಎಡಗಡೆ ಆ ಸಾಲು, ಬಲಗಡೆ ಅದರಿಂದ ಹುಟ್ಟುವ ಈ ಐದು ಪದ ಬರೆದೆ. ಈಗ ಆ ಆರು ಬಿಲ್ಲೆ ಯಾವ ಕ್ರಮದಲ್ಲಿ ಬಂದರೂ ಜೋಡಿಸಿದ ಕೂಡಲೇ ಐದೂ ನೆನಪಿಗೆ ಬರುತ್ತವೆ. ‘ರೆಟಿನಾ’ ಪದವನ್ನೂ ಹೀಗೇ ಹಿಡಿದೆ. ಅದಕ್ಕೆ ಸಿ ಸೇರಿದರೆ ಸರ್ಟನ್, ಜಿ ಸೇರಿದರೆ ಗ್ರಾನೈಟ್, ಪಿ ಸೇರಿದರೆ ಪೇಂಟರ್, ಡಿ ಸೇರಿದರೆ ಟ್ರೇನ್ಡ್. ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲ ಇಟ್ಟರೆ 50 ಅಂಕ ಹೆಚ್ಚುವರಿ ಸಿಗುತ್ತದೆ. ಸುಮ್ನೆ ಸಿಕ್ಕಿದ ಪದ ಕಲಿಯುವುದಕ್ಕಿಂತ ಇಂಥ ಒಂದು ಬೇರು ಕಲಿಯುವುದು ನನಗೆ ಎಷ್ಟೋ ಲಾಭ ತಂದಿದೆ.

‘ಕ್ಯೂ’ಗೆ ಮಾತ್ರ ಕಂಪ್ಯೂಟರ್ ಬೇಕಾಯಿತು. ವಿಂಡೋಸ್ ಥರದ್ದೇ ಆದ ಲಿನಕ್ಸ್‌ನಲ್ಲಿ ಸಾಲಿಗೊಂದು ಪದ ಇರುವ ‘ವರ್ಡ್ಸ್’ ಅನ್ನುವ ಫೈಲ್ ಸಿಗುತ್ತದೆ. ಫೈಲ್‌ನಲ್ಲಿ ಬೇಕಾದ ಸಾಲುಗಳನ್ನು ಹುಡುಕಿ ಕೊಡುವ ‘ಗ್ರೆಪ್’ ಅನ್ನುವ ಆದೇಶ ಕೊಟ್ಟು, ಮೊದಲು ‘ಕ್ಯೂ’ ಇರುವ ಪದಗಳನ್ನೆಲ್ಲ ತೆಗೆದೆ. ಆಮೇಲೆ ಅದರಲ್ಲಿ ‘ಕ್ಯೂ’ ಪಕ್ಕದಲ್ಲೇ ‘ಯು’ ಇರುವವನ್ನು ಬಿಟ್ಟೆ. ಉಳಿದಿದ್ದು ಸ್ವಲ್ಪವೇ. ಅದರಲ್ಲೂ ಇರಾಕ್, ಕತಾರ್ ಥರದ ಹೆಸರುಗಳು. ಹೆಸರುಗಳು ಆಟಕ್ಕೆ ಬರುವುದಿಲ್ಲ, ಅವನ್ನು ಹೊಡೆದು ಹಾಕಬೇಕು. ಆ ಫೈಲ್ ಆಟಕ್ಕೆ ಅಂತ ಮಾಡಿದ್ದಲ್ಲ, ಹಾಗಾಗಿ ಪ್ರತಿ ಪದವನ್ನೂ ಕಾಲಿನ್ಸ್ ಪಟ್ಟಿಯಲ್ಲಿ ಇನ್ನೊಮ್ಮೆ ನೋಡಿ, ಅಲ್ಲಿ ಕಂಡ ಇನ್ನಷ್ಟನ್ನು ಸೇರಿಸಿ ಬರೆದುಕೊಂಡೆ. ಇದೆಲ್ಲ ಆಟದ ಹೊರಗೆ. ಆಡುವಾಗ ಫೋನ್, ನೋಟ್‌ಬುಕ್ ಎರಡೂ ಮುಚ್ಚಿರುತ್ತವೆ.

ಆ ಪಟ್ಟಿ ನೋಡಿದಾಗ ಆಶ್ಚರ್ಯ ಆಯಿತು. ಅರ್ಧಕ್ಕರ್ಧ ನನಗೆ ಗೊತ್ತಿದ್ದ ಪದಗಳೇ! ಫಕೀರ, ಬುರ್ಖಾ, ನಿಖಾಬ್, ತಲಾಖ್, ಖವ್ವಾಲಿ. ಇಂಗ್ಲಿಷಿನವರು ಇವನ್ನು ಅರಬ್ಬಿ ಮೂಲದಿಂದ ತೆಗೆದುಕೊಂಡಿದ್ದಾರೆ. ಅರಬ್ಬಿಯಲ್ಲಿ ಗಂಟಲಿನ ಒಳಗಿಂದ ಹೊರಡುವ ‘ಕ’ ಒಂದಿದೆ. ಅದನ್ನು ಮಾಮೂಲಿ ‘ಕೆ’ಯಿಂದ ಬೇರೆ ಮಾಡಿ ತೋರಿಸಲು ‘ಕ್ಯೂ’ ಹಾಕುತ್ತಾರೆ. ಅದಕ್ಕೇ ‘ಯು’ ಇಲ್ಲ. ಕಾರಣ ಗೊತ್ತಾದ ಮೇಲೆ ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ. ಯೆಮೆನ್‌ನಲ್ಲಿ ಜನ ಎಲೆಅಡಿಕೆ ಥರ ಅಗಿಯುವ ಸೊಪ್ಪು ‘ಕಾಟ್’, ಅದು ಕ್ಯೂ-ಎ-ಟಿ. ನೆಲದಡಿಯ ನೀರಿನ ಸುರಂಗ ‘ಕನಾತ್’, ಅದು ಕ್ಯೂ-ಎ-ಎನ್-ಎ-ಟಿ. ಇದನ್ನು ನಾನು ಮರೆಯುವ ಹಾಗೇ ಇಲ್ಲ. ಬೀದರಿನ ನೌಬಾದ್‌ನಲ್ಲಿ ಇರುವ ಕರೇಜ್ ಅಂದರೆ ಇದೇ ಅಲ್ವಾ. ಅದರ ಬಾವಿಯೊಳಗೆ ಬಗ್ಗಿ ನೋಡಿದ್ದೇನೆ.

ಈಗ ‘ವಿ’ ಹಿಡಿದು ಕೂತಿದ್ದೇನೆ. ಕಾಲಿನ್ಸ್‌ನಲ್ಲಿ ‘ವಿ’ ಇರುವ ಎರಡಕ್ಷರದ ಪದ ಒಂದೂ ಇಲ್ಲ. ಹಾಗಾಗಿ ‘ವಿ’ಗೆ ತಾಗಿಸಿ ಪಕ್ಕದಲ್ಲೇ ಇನ್ನೊಂದು ಪದ ಇಡುವುದು ಕಷ್ಟ, ಬೋರ್ಡ್ ಅಲ್ಲಿ ಕಟ್ಟಿಹೋಗುತ್ತದೆ. ಗೆಲ್ಲುತ್ತಿರುವಾಗ ಅದು ಅನುಕೂಲ ಅಂತ ಈಚೆಗೆ ಗೊತ್ತಾಗಿದೆ.

ಹೋದ ದೀಪಾವಳಿಗೆ ಅಕ್ಕನ ಮನೆಯಲ್ಲಿ ಮತ್ತೆ ಕೂತೆವು. ‘ಕ್ಯೂ’ ನನಗೇ ಬಂತು. ಬೋರ್ಡ್ ಮೇಲಿದ್ದ ‘ಟಿ’ಗೆ ಸೇರಿಸಿ ‘ಕನಾತ್’ ಇಟ್ಟೆ. 14 ಅಂಕ, ಪದದ ಅಂಕ ಎರಡರಷ್ಟು ಮಾಡುವ ಡಬಲ್ ವರ್ಡ್ ಮನೆ ಸೇರಿ 28. “ಇದೇನ್ ಮಾವ ಇದು?” ಅಂತ ಪಟ್ಟಿ ತೆಗೆದಳು. ನಾನು ಫೋನಿನಲ್ಲಿದ್ದ ನೌಬಾದಿನ ಫೋಟೋ ತೋರಿಸಿದೆ. ಹತ್ತು ನಿಮಿಷ ಆಟ ನಿಂತೇ ಹೋಯಿತು.