ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಡಾಂಗಲ್ ಜಾಗ ಬದಲಿಸಿ

ಮನೆಯ ಡೆಸ್ಕ್‌ಟಾಪಿಗೆ ವೈರ್‌ಲೆಸ್ ಕೀಬೋರ್ಡ್-ಮೌಸ್ ಸೆಟ್ ತಗೊಳ್ಳುವಾಗ ಜೊತೆಗೆ ಒಂದು ಮೀಟರ್ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ಲನ್ನೂ ತಗೊಳ್ಳಿ. ಡಾಂಗಲನ್ನು (ಸೆಟ್ ಜೊತೆ ಬರುವ, ಯುಎಸ್‌ಬಿ ಪೋರ್ಟಿಗೆ ಹಾಕುವ ಪುಟ್ಟ ರಿಸೀವರ್) ಸಿಪಿಯು ಹಿಂದೆ ಸಿಕ್ಕಿಸದೆ, ಆ ಕೇಬಲ್ಲಿನ ತುದಿಗೆ ಹಾಕಿ ಮೇಜಿನ ಮೇಲೆ ಮಾನಿಟರ್ ಪಕ್ಕ ಇಡಿ. ಯುಎಸ್‌ಬಿ 3.0 ಪೋರ್ಟು (ಸಾಮಾನ್ಯವಾಗಿ ನೀಲಿ ಬಣ್ಣದ್ದು) ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿಗೂ ಬರುತ್ತದೆ, ಡಾಂಗಲ್ ಮಾತಾಡುವುದೂ ಅಲ್ಲೇ. ಪೋರ್ಟಿಗೆ ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ಮೌಸ್ ಜಿಗಿಯುವುದು ಇದಕ್ಕೇ. ಸಿಪಿಯುವಿನ ತಗಡೂ ಅಡ್ಡ ಬರುತ್ತದೆ. ಸೆಲ್ ಇಳಿದಿದ್ದರೆ, ಮೌಸ್ ಗಾಜಿನ ಮೇಲಿದ್ದರೆ ಈ ಉಪಾಯ ನಡೆಯದು. ಬ್ಲೂಟೂತ್ ಸೆಟ್‌ಗೆ ಡಾಂಗಲ್ಲೇ ಇರುವುದಿಲ್ಲ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಬ್ಲೂಟೂತ್ ಇಲ್ಲದಿರುವುದೇ ಹೆಚ್ಚು, ಇದ್ದರೂ ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲು ಬರುವ ಸೆಟ್ಟಿಂಗ್ ಪರದೆ) ಕೀಬೋರ್ಡ್ ಸ್ಪಂದಿಸದೆ ಹೋಗಬಹುದು. ಹಾಗಾಗಿ ಕೀಬೋರ್ಡ್, ಮೌಸ್ ಎರಡಕ್ಕೂ ಒಂದೇ ಡಾಂಗಲ್ ಇರುವ ಸೆಟ್ಟೇ ವಾಸಿ. ನಮ್ಮ ಕೊಡಗಿನಲ್ಲಿ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಚಾರ್ಜ್ ಮಾಡುವ ಸೆಟ್‌ಗಿಂತ ಅಂಗಡಿಯಲ್ಲಿ ಸಿಗುವ ಎಎ ಸೆಲ್‌ನದ್ದು ಮೇಲು. ವಾರಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ಸೋರಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಈ ಥಂಡಿಯಲ್ಲಂತೂ ಕೇಳುವುದೇ ಬೇಡ.