ಒಂದೇ ಕಡಲೆಬೀಜ, ಎರಡು ಮಿತಿ

ಕಡಲೆಬೀಜ ರಫ್ತು ಮಾಡುವ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸ. ಸೇರಿದ ಮೊದಲ ವರ್ಷವೇ ಒಂದು ಕಂಟೇನರ್ ವಾಪಸ್ ಬಂತು. ಲ್ಯಾಬ್ ರಿಪೋರ್ಟಿನಲ್ಲಿ ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಬರುವ ವಿಷ, 9 ಪಿಪಿಬಿ (ನೂರು ಕೋಟಿಯಲ್ಲಿ 9 ಭಾಗ) ಅಂತ ಇತ್ತು. ಅಮೆರಿಕದಲ್ಲಿ 20ರವರೆಗೂ ನಡೆಯುತ್ತದೆ. ನಮ್ಮ ಮಾಲು ಹೋಗಿದ್ದು ಯುರೋಪಿಗೆ. ಅಲ್ಲಿ ನೇರವಾಗಿ ತಿನ್ನುವ ಬೀಜಕ್ಕೆ ಮಿತಿ ಬರೀ 4. ವಿಷ ಒಂದೇ ಅಲ್ವಾ, ಲೆಕ್ಕ ಯಾಕೆ ಬೇರೆ ಅಂತ ಸಿಟ್ಟು ಬಂದಿತ್ತು.

ಆಮೇಲೆ ಕೂತು ಓದಿದೆ. ಲೋಕಕ್ಕೆಲ್ಲ ಒಂದೇ ಆಹಾರ ಕಾನೂನು ಇಲ್ಲ. ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಸೇರಿ 1963ರಲ್ಲಿ ಶುರು ಮಾಡಿದ ಕೋಡೆಕ್ಸ್ ಮಾನದಂಡಗಳನ್ನು ಬರೆಯುತ್ತದೆ, ಪಾಲಿಸಲೇಬೇಕು ಅಂತ ಹೇಳುವುದಿಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಒಪ್ಪಂದ (ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯ ಆರೋಗ್ಯದ ನಿಯಮಗಳ ಒಪ್ಪಂದ) ಬಂದ ಮೇಲೆ ಕೋಡೆಕ್ಸ್ ಮಾತಿಗೆ ತೂಕ ಬಂತು. ಕೋಡೆಕ್ಸ್‌ಗಿಂತ ಬಿಗಿ ಮಾಡುವ ದೇಶ ವೈಜ್ಞಾನಿಕ ಕಾರಣ ತೋರಿಸಬೇಕು. ಅಫ್ಲಾಟಾಕ್ಸಿನ್ ಲಿವರ್ ಕ್ಯಾನ್ಸರ್ ತರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಇದು ತಿಳಿದ ಮೇಲೆ 4 ಅನ್ನೋದು ನನಗೆ ಅತಿ ಅನಿಸಲಿಲ್ಲ.

ನಾವು ಎಡವಿದ್ದು ಸ್ಯಾಂಪಲ್ ತೆಗೆಯುವಾಗ. ಮೇಲಿನ ಎರಡು ಮೂಟೆಯಿಂದ ಒಂದು ಕಿಲೋ ತೆಗೆದು ಲ್ಯಾಬಿಗೆ ಕಳಿಸುತ್ತಿದ್ದೆವು. ಬೂಷ್ಟು ಎಲ್ಲ ಬೀಜಕ್ಕೂ ಸಮನಾಗಿ ಹಿಡಿಯುವುದಿಲ್ಲ. ಸಾವಿರಾರು ಒಳ್ಳೆಯ ಬೀಜದ ನಡುವೆ ಸುಕ್ಕುಗಟ್ಟಿದ ಒಂದು ಬೀಜ ಇರುತ್ತದೆ. ಒಡೆದು ನೋಡಿದರೆ ಎರಡು ಬೇಳೆಯ ನಡುವೆ ಹಳದಿ ಹಸಿರು ಪುಡಿ. ಇಡೀ ಲಾಟ್, ಅಂದರೆ ಒಟ್ಟಿಗೆ ಕಳಿಸುವ ಮಾಲು, ಕೆಡಲು ಅಂಥ ಬೀಜ ತುಂಬಾ ಬೇಕಿಲ್ಲ. ಯುರೋಪಿನ ನಿಯಮದ ಪ್ರಕಾರ ದೊಡ್ಡ ಲಾಟಿನ ನೂರು ಕಡೆಯಿಂದ 200 ಗ್ರಾಂನಂತೆ ತೆಗೆದು 20 ಕಿಲೋ ಕೂಡಿಸಬೇಕು. ಈಗ ನಾವೂ ಹಾಗೇ ಮಾಡುತ್ತೇವೆ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ.

ಇನ್ನೊಂದು ಪಾಠ ಚೀಟಿಯದು. ಯಾರಿಂದ ತಂದಿರಿ, ಯಾರಿಗೆ ಕೊಟ್ಟಿರಿ ಅನ್ನುವುದಕ್ಕೆ ದಾಖಲೆ ಇರಲೇಬೇಕು ಅನ್ನುತ್ತದೆ ಯುರೋಪಿನ 2002ರ 178ನೇ ನಿಯಮ. ವಾಪಸ್ ಬಂದ ಕಂಟೇನರಿನಲ್ಲಿ ಯಾವ ಮೂಟೆ ಯಾವ ಹೊಲದ್ದು ಅಂತ ಹೇಳಲು ನಮಗೆ ಆಗಲಿಲ್ಲ. ಅವತ್ತಿನಿಂದ ಪ್ರತಿ ಮೂಟೆಗೂ ಚೀಟಿ ಕಟ್ಟುತ್ತೇವೆ: ಬೆಳೆದವರು, ಒಣಗಿಸಿದ ದಿನ, ತೇವಾಂಶ.

ಹೋದ ಹಂಗಾಮಿನಲ್ಲಿ ಒಂದು ಲಾಟಿನಲ್ಲಿ ಅಫ್ಲಾಟಾಕ್ಸಿನ್ 6 ಪಿಪಿಬಿ ಬಂತು. ಇನ್ನೂ ನಮ್ಮ ಗೋದಾಮಿನಲ್ಲೇ ಇತ್ತು. ಚೀಟಿ ಹಿಡಿದು ಹುಡುಕಿದಾಗ ಒಂದೇ ಹೊಲದ ಮೂಟೆಗಳು ಸಿಕ್ಕವು. ತೇವಾಂಶ ಶೇಕಡಾ 11 ಅಂತ ನಮ್ಮವರೇ ಬರೆದಿದ್ದರು, ಆದರೂ ಅವಸರದಲ್ಲಿ ಒಳಗೆ ಬಿಟ್ಟಿದ್ದೆವು. ಈಗ ತೇವಾಂಶ ಶೇಕಡಾ 7ಕ್ಕಿಂತ ಜಾಸ್ತಿ ಇದ್ದರೆ ಲಾರಿಯಿಂದ ಇಳಿಸಿಕೊಳ್ಳುವುದೇ ಇಲ್ಲ.